ಕುರ್ಚಿಯ ಹಿಂದೆ ಎರಡೂವರೆ ಅಡಿ

ಜನವರಿ ೯

ಗುಬ್ಬೀ,

ಅದಕ್ಕೇ ನಾನು ಹೇಳಿದ್ದು, ನಾಲ್ಕು ಇಂಚು ಅಂದರೆ ಬರೀ ನಾಲ್ಕು ಇಂಚಲ್ಲ ಎಂದು. ನಿನ್ನೆಯ ಕಾಗದ ಅಂಚೆಗೆ ಹಾಕಿ ಬಂದ ಮೇಲೂ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಆದ್ದರಿಂದ ಇದು ಅದರ ಬಾಲ ಎಂದುಕೋ. ವೈರುಗಳನ್ನು ಕೆಳಗೆ ಓಡಿಸಲು ಮಳಿಗೆಯ ನೆಲವನ್ನು ಹಲಗೆ ಹಾಕಿ ನಾಲ್ಕು ಇಂಚು ಎತ್ತರಿಸುತ್ತಾರಲ್ಲ, ಮೂವತ್ತೊಂದು ವರ್ಷ ಈ ಪ್ರದರ್ಶನದ ಹಾಲಿನಲ್ಲಿ ಮಳಿಗೆಗಳ ನಕ್ಷೆ ಬರೆದ ನಾನು ಅದನ್ನು ಪೆನ್ಸಿಲಿನ ಒಂದು ಗೆರೆ ಎಂದೇ ತಿಳಿದಿದ್ದೆ. ಗಾಲಿಕುರ್ಚಿಯಲ್ಲಿ ಬಂದವರಿಗೆ ಅದು ಗೋಡೆ. ನಿವೃತ್ತನಾಗಿ ನಾಲ್ಕು ವರ್ಷವಾದ ಮೇಲೆ ಬುದ್ಧಿ ಬಂತು. ಬೆಟರ್ ಲೇಟ್ ದ್ಯಾನ್ ಎಂದೇನೋ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು, ಮುಂದಿನದು ಮರೆತಿದೆ.

ಪಂಪು ತಯಾರಕರ ಸಮ್ಮೇಳನಕ್ಕೆ, ಅಂದರೆ ನೀನು ಭಾಷಣ ಮಾಡಲಿರುವ ಸಮ್ಮೇಳನಕ್ಕೆ, ಸಮಿತಿಯ ಸೆಕ್ರೆಟರಿ ನನ್ನನ್ನು ಕರೆಸಿಕೊಂಡ. ಜೇಬಿನಲ್ಲಿ ಅಳತೆಯ ಟೇಪು ಇನ್ನೂ ಇರುವುದರಿಂದ ನನ್ನ ಅಡ್ಡಹೆಸರೂ ನಿವೃತ್ತಿಯಾಗಿಲ್ಲ. "ಟೇಪಣ್ಣ, ಈ ವರ್ಷ 'ಎಲ್ಲರಿಗೂ ಅನುಕೂಲ' ಅಂತ ಬ್ಯಾನರ್ ಹಾಕ್ತಿದೀವಿ. ಮೇಲೆ ಬರೆದ್ಮೇಲೆ ಕೆಳಗೂ ಏನಾದ್ರೂ ಮಾಡ್ಬೇಕಲ್ಲ," ಎಂದ. ಮಾಡಿಸಿದೆ. ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದದ ಲೆಕ್ಕದಲ್ಲಿ ನಾಲ್ಕಡಿಯ ಇಳಿಜಾರು ಹಲಗೆ, ಪ್ರತಿ ಮಳಿಗೆಗೂ. ನಡುದಾರಿ ಆರಡಿ ಇದ್ದದ್ದು ಎಂಟಾಯಿತು. ಕಾರ್ಪೆಟ್ಟಿನ ಅಂಚು ಏಳದಂತೆ ಪಟ್ಟಿ ಅಂಟಿಸಿದೆವು. ನಿನಗೆ ಓಡಾಡಲು ಯಾವ ತೊಡಕೂ ಇರುವುದಿಲ್ಲ.

ಅಮ್ಮ ಇದ್ದಿದ್ದರೆ, "ಮನೆಯ ಬಚ್ಚಲಿನ ಹೊಸ್ತಿಲಿಗೆ ಇಷ್ಟು ಮುತುವರ್ಜಿ ತೋರಿಸಿದ್ದರೆ ನನ್ನ ಮಂಡಿಯಾದರೂ ಉಳೀತಿತ್ತು," ಅನ್ನುತ್ತಿದ್ದಳು.

ನಿನ್ನ ಅಪ್ಪ


ಜನವರಿ ೧೬

ಅಪ್ಪ,

ಇಳಿಜಾರು ಹಲಗೆಯ ಸುದ್ದಿ ಓದಿ ಖುಷಿಯಾಯಿತು. ಯಾರಿಗೋ ಖಂಡಿತ ಬೇಕಾಗಿತ್ತು. ಆದರೆ ಅಪ್ಪ, ನನಗೆ ನಡೆಯಲು ಬರುತ್ತದೆ. ಕೇಳಿಸದಿರುವುದು ಕಿವಿ.

ಸಮ್ಮೇಳನಕ್ಕೆ ಕಳಿಸಿದ ಅರ್ಜಿಯಲ್ಲಿ ನಾನು ಮೂರು ಅನುಕೂಲ ಕೇಳಿದ್ದೇನೆ. ಕೈಮಾತಿನ ದುಭಾಷಿ ಒಬ್ಬರು ನನ್ನ ಎದುರಿಗೆ, ಬೆಳಕಿನಲ್ಲಿ ನಿಂತಿರಬೇಕು. ಪರದೆಯ ಮೇಲೆ ಚಿತ್ರ ತೋರಿಸುವಾಗಲೂ ಹಾಲಿನ ದೀಪ ಆರಿಸಬಾರದು. ಪ್ರಶ್ನೆ ಕೇಳುವವರು ಕೈ ಎತ್ತಿ, ಎದ್ದು ನಿಂತು ಕೇಳಬೇಕು. ನೋಂದಣಿ ಮೇಜಿನಾಕೆ ತಾವೇ ಉತ್ತರ ಬರೆದಿದ್ದಾರೆ, "ದುಭಾಷಿಗೆ ಹೇಳಿ ಆಗಿದೆ ಮೇಡಂ" ಎಂದು. ಆ ಸಾಲು ಓದಿ ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಸಣ್ಣ ವರ್ಕ್‌ಶಾಪುಗಳ ಸಂಘದವರು ನನ್ನ ಭಾಷಣ ಕೇಳಲೆಂದೇ ಬರುತ್ತಿದ್ದಾರೆ. ನಮ್ಮ ಪರೀಕ್ಷಾ ಮೇಜಿನ ಮೇಲೆ ಪಂಪು ಇಟ್ಟರೆ ಬೇರಿಂಗ್ ಸವೆದಿರುವುದು ದೀಪದ ಸಾಲಿನಲ್ಲಿ ಕಾಣುತ್ತದೆ ಎಂದು ಅವರಿಗೆ ಮನವರಿಕೆಯಾದರೆ, ಹದಿನೆಂಟು ಕಡೆಗೆ ನಮ್ಮ ಮೇಜೇ ಹೋಗುತ್ತದೆ. ಇಲ್ಲಿ ಶೆಡ್ಡಿನಲ್ಲಿ ನಮ್ಮ ನಾಲ್ವರು ಹೆಂಗಸರಿಗೆ ಎರಡು ವರ್ಷದ ಕೆಲಸ. ಅಂಗೈ ಇಟ್ಟು ಪಂಪಿನ ನಡುಕ ಹಿಡಿಯುವುದನ್ನು ನಾನು ಕಲಿತದ್ದು ಕಿವಿ ಇಲ್ಲದ್ದಕ್ಕೆ. ಅದನ್ನೇ ಯಂತ್ರಕ್ಕೆ ಕಲಿಸಿದ್ದೇವೆ. ನೋಡಿದವರು ಪ್ರಶ್ನೆ ಕೇಳೇ ಕೇಳುತ್ತಾರೆ. ನನ್ನ ಹತ್ತಿರ ಉತ್ತರಗಳಿವೆ.

ನೀನು ಯಾರ ಹತ್ತಿರವೂ ಮಾತಾಡಬೇಕಾಗಿಲ್ಲ. ನಾನೇ ಬರೆದಿದ್ದೇನೆ.

ಗುಬ್ಬಿ


ಜನವರಿ ೨೨

ಗುಬ್ಬೀ,

ಕಾಲಿನ ವಿಷಯಕ್ಕೆ ಒಬ್ಬನೇ ಕೂತು ನಕ್ಕೆ. ಅಳತೆ ತೆಗೆದುಕೊಳ್ಳದೆ ಅಂಗಿ ಹೊಲಿದ ದರ್ಜಿಯ ಹಾಗಾಯಿತು ನನ್ನ ಕಥೆ.

ಸೆಕ್ರೆಟರಿ ನಿನ್ನೆ ಫೋನು ಮಾಡಿದ್ದ. ನಿನ್ನ ಅರ್ಜಿ ಅವನ ಕೈಯಲ್ಲಿತ್ತು. ಮಾತಾಡಿದ್ದೇನೆ, ಎಲ್ಲ ಸರಿಯಾಗಿದೆ, ನೀನು ಚಿಂತೆ ಬಿಟ್ಟು ಭಾಷಣದ ಕಡೆ ನೋಡು. ನಿನ್ನ ಬಗ್ಗೆ ಹೆಮ್ಮೆಯಿಂದಲೇ ಹೇಳಿದೆ. ಊಟದ ಮೇಜಿನ ದಿನಗಳೆಲ್ಲ ನೆನಪಾದವು. ಹತ್ತಡಿ ಮಳಿಗೆಯಲ್ಲಿ ಆನೆ ಇಡಲು ಬಂದವನ ಕಥೆ ನಾನು ಹೇಳುತ್ತಿದ್ದೆನಲ್ಲ, ಮುಗಿಸುವುದರೊಳಗೆ ನೀನು ನಕ್ಕುಬಿಡುತ್ತಿದ್ದೆ. ಬರೀ ನನ್ನ ತುಟಿ ನೋಡಿ! ನೆಂಟರೆಲ್ಲ, "ಈ ಮಗೂಗೆ ಕಿವಿ ಕೇಳಲ್ಲ ಅಂದ್ರೆ ನಂಬೋದು ಹೇಗೆ," ಅನ್ನುತ್ತಿದ್ದರು. ನಾನು ಮೀಸೆ ತಿರುವುತ್ತಿದ್ದೆ. ಪಾಪ, ಅಮ್ಮ ಮಾತ್ರ ನಮ್ಮ ಜೊತೆ ಕೂತು ಉಂಡದ್ದು ನೆನಪಿಲ್ಲ. ಯಾವಾಗಲೂ ನನ್ನ ಕುರ್ಚಿಯ ಹಿಂದೆ ನಿಂತೇ ಇರುತ್ತಿದ್ದಳು, ಬಡಿಸುವುದಕ್ಕೆ.

ಈಗ ಆ ಮೇಜಿನಲ್ಲಿ ನಾನು, ವೃತ್ತಪತ್ರಿಕೆ, ಮತ್ತು ಮೊಮ್ಮಕ್ಕಳ ಹಾಗೆ ಕಾಟ ಕೊಡುವ ಎರಡು ಇರುವೆಸಾಲು.

ಬರುವ ದಿನ ಹಾಲಿನ ಹಿಂಬಾಗಿಲಿನಿಂದ ಬಾ, ಅಲ್ಲಿ ಗದ್ದಲ ಕಡಿಮೆ. ಗದ್ದಲ ನಿನಗೆ ಲೆಕ್ಕವಿಲ್ಲ ಎಂಬುದು ಬರೆದ ಮೇಲೆ ಹೊಳೆಯಿತು. ಹೊಡೆದುಹಾಕುವುದಿಲ್ಲ, ಇರಲಿ.

ಅಪ್ಪ


ಫೆಬ್ರವರಿ ೧೨

ಅಪ್ಪ,

ತಲುಪಿದೆ. ಅಂದು ರೈಲಿಗೆ ಹೊತ್ತಾಗಿ ಸರಿಯಾಗಿ ಹೇಳಿ ಹೊರಡಲಾಗಲಿಲ್ಲ.

ದುಭಾಷಿ ಬರಲೇ ಇಲ್ಲ. ಬಸ್ಸು ತಪ್ಪಿತೋ ಏನೋ. ವೇದಿಕೆ ಹತ್ತಿದಾಗ ನನ್ನ ಎದುರಿನ ಜಾಗ ಖಾಲಿ ಇತ್ತು. ಸಾಲದ್ದಕ್ಕೆ ಪರದೆಗೆಂದು ದೀಪವನ್ನೂ ಆರಿಸಿಬಿಟ್ಟರು, ನೀವೆಲ್ಲ ಕಪ್ಪು ರಾಶಿಯಾಗಿ ಕಾಣುತ್ತಿದ್ದಿರಿ. ಆದರೂ ಭಾಷಣ ಬಾಯಿಪಾಠವಾಗಿತ್ತಲ್ಲ, ನನ್ನ ದನಿಯಲ್ಲೇ ಹೇಳಿದೆ, ಮಾತುಗಳು ಪರದೆಯ ಮೇಲೂ ಇದ್ದವು. ಮುಗಿಸಿ ನಗುತ್ತಾ ನಿಂತೆ, ಪ್ರಶ್ನೆಗೆ ಕಾದೆ. ಒಂದು ಕೈಯೂ ಏಳಲಿಲ್ಲ, ಒಬ್ಬರೂ ನಿಂತಂತೆ ಕಾಣಲಿಲ್ಲ. ಆಮೇಲೆ ದೀಪ ಹತ್ತಿದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಅಂದರೆ ಅಷ್ಟು ಸ್ಪಷ್ಟವಾಗಿತ್ತು ಎಂದಾಯಿತಲ್ಲ! ಶೆಡ್ಡಿನಲ್ಲಿ ಹೇಳಿದೆ, ನಮ್ಮ ನಾಲ್ವರ ಕೈಗಳೂ ಒಟ್ಟಿಗೆ ಮಾತಾಡಿ ಯಾರದು ಯಾರಿಗೂ ಅರ್ಥವಾಗಲಿಲ್ಲ.

ಮೂರನೇ ಸಾಲಿನಿಂದ ನೀನು ಹೆಬ್ಬೆರಳು ಎತ್ತಿ ತೋರಿಸಿದ್ದು ನೋಡಿದೆ. ಅಷ್ಟು ದೂರದಿಂದ ಅದೊಂದೇ ನನಗೆ ತಿಳಿದ ಮಾತು.

ಸಂಘದವರ ಕಾಗದಕ್ಕೆ ಕಾಯುತ್ತಿದ್ದೇವೆ.

ಗುಬ್ಬಿ


ಫೆಬ್ರವರಿ ೧೭

ಗುಬ್ಬೀ,

ಸಂತೋಷ. ಭಾಷಣ ಚೆನ್ನಾಗಿತ್ತು. ಸೀರೆಯ ಬಣ್ಣ ಅಮ್ಮನಿಗೆ ಹಿಡಿಸುತ್ತಿತ್ತು.

ಇಲ್ಲಿ ಅಡುಗೆಮನೆಯ ನಲ್ಲಿ ಸೋರುತ್ತಿದೆ.

ಅಪ್ಪ


ಮಾರ್ಚ್ ೪

ಅಪ್ಪ,

ಇದರ ಜೊತೆ ಸಮ್ಮೇಳನದ ವರದಿಯ ಒಂದು ಹಾಳೆ ಇದೆ. ಗೆರೆ ಎಳೆದ ಸಾಲು ನೋಡು. "ಸಭಿಕರು ಕೇಳಿದ ಮೂರು ಪ್ರಶ್ನೆಗಳಿಗೆ ಭಾಷಣಕಾರ್ತಿಯಿಂದ ಉತ್ತರ ಬರಲಿಲ್ಲ. ಅಧ್ಯಕ್ಷರು ಸಭೆಯನ್ನು ಮುಂದುವರಿಸಿದರು."

ಮೂರು ಪ್ರಶ್ನೆ. ಕತ್ತಲಲ್ಲಿ ಕೂತೇ ಕೇಳಿದ್ದಾರೆ. ನಾನು ನಗುತ್ತಾ ನಿಂತಿದ್ದೆ.

ವರ್ಕ್‌ಶಾಪು ಸಂಘದವರ ಕಾಗದವೂ ಬಂತು. ಮೇಜು ಚೆನ್ನಾಗಿದೆಯಂತೆ, ಆದರೆ ಮಾಡಿದವರಿಗೇ ಅದರ ಬಗ್ಗೆ ಖಚಿತವಿಲ್ಲದಂತೆ ಕಂಡಿತಂತೆ. ಬೇರೆಯವರ ಮೇಜು ತೆಗೆದುಕೊಂಡಿದ್ದಾರೆ. ಶೆಡ್ಡಿನಲ್ಲಿ ಇಬ್ಬರು ಬೇರೆ ಕೆಲಸ ಹುಡುಕುತ್ತಿದ್ದಾರೆ.

ಸೆಕ್ರೆಟರಿಗೆ ಬರೆದು ಕೇಳಿದೆ, ದುಭಾಷಿ ಯಾಕೆ ಬರಲಿಲ್ಲ ಎಂದು. ನೋಂದಣಿ ಮೇಜಿನಾಕೆಯ ಅಜಾಗರೂಕತೆ ಎಂದು ಉತ್ತರ ಬಂದಿದೆ. ನಾನು ಬರೆದು ದೂರು ಕೊಟ್ಟರೆ ಆಕೆಯನ್ನು ಕೆಲಸದಿಂದ ತೆಗೆಯುತ್ತಾರಂತೆ. ಕೊಡಲಿದ್ದೇನೆ. "ಹೇಳಿ ಆಗಿದೆ ಮೇಡಂ" ಎಂದು ಬರೆದ ಕೈ ಅದು.

ಇನ್ನೊಂದು. ನೀನು ಮೂರನೇ ಸಾಲಿನಲ್ಲಿದ್ದೆ. ನಿನ್ನ ಕಿವಿಗೆ ಏನೂ ಆಗಿಲ್ಲ. ಆ ಹೆಬ್ಬೆರಳು ಯಾಕೆ ಎತ್ತಿದೆ?

ಗುಬ್ಬಿ


ಮಾರ್ಚ್ ೮

ಪ್ರೀತಿಯ ಮಗಳಿಗೆ,

ನಿನ್ನ ಕಾಗದ ಓದಿ ಬಹಳ ನೊಂದೆ. ಆ ಹಾಲಿನ ತಗಡಿನ ಚಾವಣಿ ನಿನಗೆ ಗೊತ್ತಿಲ್ಲ, ಒಂದು ಮಾತು ಹೋಗಿ ಮೂರು ಮಾತಾಗಿ ಬೀಳುತ್ತದೆ. ಹಿಂದಿನ ಸಾಲಿನವರು ಏನು ಕೇಳಿದರೋ ನನಗೂ ಸರಿಯಾಗಿ ತಿಳಿಯಲಿಲ್ಲ. ವಯಸ್ಸಾಯಿತಲ್ಲ.

ಆ ಹೆಣ್ಣುಮಗಳ ಮೇಲೆ ದೂರು ಬೇಡ ಎಂದು ನನ್ನ ಅಭಿಪ್ರಾಯ. ಹದಿನಾಲ್ಕು ವರ್ಷದಿಂದ ಆ ಮೇಜಿನ ಹಿಂದೆ ಕೂತಿದ್ದಾಳೆ, ಒಂದು ಹೆಸರಿನ ಬಿಲ್ಲೆ ಹೆಚ್ಚುಕಮ್ಮಿಯಾದದ್ದು ನಾನು ಕಂಡಿಲ್ಲ. ಟು ಎರ್ ಈಸ್ ಎಂದು ಒಂದು ಮಾತಿದೆ. ತಪ್ಪು ಆಗಿದೆ, ಯಾರ ಕೈಯಿಂದಲೋ ಆಗಿದೆ. ದೊಡ್ಡ ಸಭೆ ಎಂದ ಮೇಲೆ ಹತ್ತು ಕೈ, ಹತ್ತು ಬಾಯಿ. ದೊಡ್ಡ ಮನಸ್ಸು ಮಾಡಿ ಮರೆತುಬಿಡು. ಮುಂದಿನ ವರ್ಷ ನಾನೇ ನಿಂತು ಎಲ್ಲ ನೋಡಿಕೊಳ್ಳುತ್ತೇನೆ.

ನಲ್ಲಿ ರಿಪೇರಿಯಾಯಿತು. ವಾಷರ್ ಹೋಗಿತ್ತು.

ಅಪ್ಪ


ಮಾರ್ಚ್ ೧೩

ಅಪ್ಪ,

ಮರೆಯಲು ನನಗೇನೂ ಕಷ್ಟವಿಲ್ಲ. ಆದರೆ ಶೆಡ್ಡಿನ ಇಬ್ಬರಿಗೆ ಮರೆತುಬಿಡಿ ಎಂದು ನೀನೇ ಬರೆ.

ನೀನು ನನಗೆ 'ಪ್ರೀತಿಯ ಮಗಳಿಗೆ' ಎಂದು ಬರೆದದ್ದು ಎರಡೇ ಸಲ. ಒಮ್ಮೆ ಅಮ್ಮನಿಗೆ ಕಾಯಿಲೆ ಏನೆಂದು ಗೊತ್ತಾದಾಗ. ಏನು ಮುಚ್ಚಿಡುತ್ತಿದ್ದೀಯ ಎಂದು ಕೇಳುವುದಿಲ್ಲ. ಆಕೆಯ ಪರವನ್ನು ನೀನು ಯಾಕೆ ಇಷ್ಟು ವಹಿಸುತ್ತಿದ್ದೀಯ ಎಂದಷ್ಟೇ ಕೇಳುತ್ತೇನೆ.

ದೂರು ಬರೆದು ಲಕೋಟೆಯಲ್ಲಿಟ್ಟಿದ್ದೇನೆ. ಇಪ್ಪತ್ತನೇ ತಾರೀಕು ಅಂಚೆಗೆ ಹಾಕುತ್ತೇನೆ.

ಗುಬ್ಬಿ


ಮಾರ್ಚ್ ೧೬

ಗುಬ್ಬೀ,

ಹಾಕಬೇಡ. ಇದನ್ನು ತುರ್ತು ಅಂಚೆಯಲ್ಲಿ ಕಳಿಸುತ್ತಿದ್ದೇನೆ, ಹದಿನೆಂಟಕ್ಕೆ ನಿನ್ನ ಕೈ ಸೇರುತ್ತದೆ ಎಂದು ಅಂಚೆಯವನು ಹೇಳಿದ್ದಾನೆ.

ಮೊದಲು ಇಂಗ್ಲಿಷಿನಲ್ಲಿ ಬರೆಯಲು ನೋಡಿದೆ. "ದಿ ಇಂಟರ್‌ಪ್ರಿಟರ್ ವಾಸ್ ಕ್ಯಾನ್ಸಲ್ಡ್" ಎಂದು ಒಂದು ಸಾಲು ಬಂತು. ಮಾಡಿದವನ ಸುಳಿವೇ ಇಲ್ಲದೆ ಕೆಲಸ ಆಗಿಹೋಗುತ್ತದೆ, ಎಷ್ಟು ಸಲೀಸು. ಆ ಹಾಳೆ ಹರಿದೆ. ಕನ್ನಡದಲ್ಲಿ ಹೇಳುತ್ತೇನೆ. ದುಭಾಷಿ ಬೇಡ ಎಂದವನು ನಾನು.

ಜನವರಿಯಲ್ಲಿ ಸೆಕ್ರೆಟರಿ ಫೋನು ಮಾಡಿದ್ದ ಎಂದು ಬರೆದಿದ್ದೆನಲ್ಲ. ಅವನು ಅಂದದ್ದು ಇಷ್ಟು: "ಟೇಪಣ್ಣ, ನಿಮ್ಮ ಮಗಳು ದುಭಾಷಿ ಕೇಳಿದಾಳೆ. ವೇದಿಕೆ ಮೇಲೆ ಇನ್ನೊಬ್ಬಾಕೆ ನಿಂತು ಕೈ ಆಡಿಸ್ತಿದ್ರೆ ಜನ ಪಂಪು ನೋಡ್ತಾರೋ ಆಕೇನ ನೋಡ್ತಾರೋ? ಬೇಕೇ ಬೇಕಾ?" ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. "ಅದೆಲ್ಲ ಬೇಡ ಬಿಡಿ. ನನ್ನ ಮಗಳು ತುಟಿ ನೋಡೇ ಎಲ್ಲ ತಿಳ್ಕೋತಾಳೆ. ಮನೇಲಿ ನಾನು ಹೇಳೋದು ಒಂದಕ್ಷರ ತಪ್ಪಲ್ಲ," ಎಂದೆ. ಜಂಬದಿಂದ ಹೇಳಿದೆ. ಸುಳ್ಳು ಹೇಳುತ್ತಿದ್ದೇನೆ ಅನ್ನಿಸಲಿಲ್ಲ, ಈಗಲೂ ಅದು ಸುಳ್ಳು ಅಂತ ಅನ್ನಿಸುತ್ತಿಲ್ಲ. ಜನ ನಿನ್ನನ್ನು ನೋಡಿ ಪಾಪ ಅನ್ನಬಾರದು ಎಂಬುದೂ ಇತ್ತು. ಅಥವಾ ನನ್ನನ್ನು ನೋಡಿ ಅನ್ನಬಾರದು ಎಂದೋ. ಅದನ್ನು ಬಿಡಿಸಿ ನೋಡಲು ನನಗೆ ಧೈರ್ಯವಿಲ್ಲ.

ಆ ದಿನ ಪ್ರಶ್ನೆಗಳು ನನಗೆ ಕೇಳಿಸಿದವು. ತಗಡಿನ ಚಾವಣಿಯ ಮಾತು ನೆಪ. ನೀರೊಳಗೆ ಮುಳುಗುವ ಪಂಪಿಗೂ ಈ ಮೇಜು ಆಗುತ್ತದೆಯೇ ಎಂದು ಒಬ್ಬ. ದೀಪದ ಸಾಲು ಬಿಸಿಲಲ್ಲಿ ಕಾಣುತ್ತದೆಯೇ ಎಂದು ಒಬ್ಬ. ಎಷ್ಟು ದಿನಕ್ಕೊಮ್ಮೆ ಸರಿಹೊಂದಿಸಬೇಕು ಎಂದು ಒಬ್ಬ. ನೀನು ಅವರ ಕಡೆಯೇ ನೋಡುತ್ತಾ ನಗುತ್ತಿದ್ದೆ. ಒಬ್ಬ, "ಏನಮ್ಮಾ, ನಮ್ಮನ್ನ ನೋಡಿದ್ರೆ ಅಷ್ಟು ನಗು ಬರತ್ತಾ," ಎಂದ. ನಾಲ್ಕು ಜನ ನಕ್ಕರು. ಅಧ್ಯಕ್ಷರು, "ಉತ್ತರ ಇಲ್ಲ ಅಂತ ಕಾಣತ್ತೆ, ಮುಂದಕ್ಕೆ ಹೋಗೋಣ, ಒಂದು ಚಪ್ಪಾಳೆ," ಎಂದರು. ನಾನು ಎದ್ದು ನಿಂತು, ದೀಪ ಹಾಕ್ರಯ್ಯಾ ಎಂದು ಒಂದು ಮಾತು ಕೂಗಬಹುದಿತ್ತು. ಮೂವತ್ತೊಂದು ವರ್ಷ ಕಳೆದ ಆ ಹಾಲಿನಲ್ಲಿ ಸ್ವಿಚ್ಚು ಎಲ್ಲಿದೆ ಎಂದು ನನಗೆ ಕಣ್ಣು ಮುಚ್ಚಿದರೂ ಗೊತ್ತು. ಕೂತೇ ಇದ್ದೆ. ದೀಪ ಹತ್ತಿತು, ನೀನು ಜನರ ನಡುವೆ ನನ್ನ ಮುಖ ಹುಡುಕಿದೆ. ಆಗ ಹೆಬ್ಬೆರಳು ಎದ್ದಿತು. ನಿನ್ನ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಇಷ್ಟೇ.

ಹೋದ ವಾರ ಆ ಹೆಣ್ಣುಮಗಳು ಮನೆಗೆ ಬಂದಿದ್ದಳು. ಮೆಟ್ಟಿಲ ಮೇಲೇ ನಿಂತು ಕೇಳಿದಳು. "ಸಾರ್, ನಾನು ಬುಕ್ ಮಾಡಿದ್ದೆ. ನನ್ನ ಪುಸ್ತಕದಲ್ಲಿ ಬರ್ದಿದೀನಿ. ನಡುವೆ ಯಾರೋ ಬೇಡ ಅಂದಿದಾರೆ, ಯಾರು ಅಂತ ಸೆಕ್ರೆಟರಿ ಬಾಯಿ ಬಿಡ್ತಿಲ್ಲ. ನಿಮಗೇನಾದ್ರೂ ಗೊತ್ತಾ?" ನಾನು ಇಲ್ಲಮ್ಮ ಎಂದೆ. ಕಾಫಿ ಕುಡಿತೀಯಾ ಎಂದೂ ಕೇಳಿದೆ. ಅವಳು, "ಬೇಡ ಸಾರ್, ನೀವು ಒಬ್ರೇ ಇದೀರಿ, ಯಾಕೆ ತೊಂದ್ರೆ," ಎಂದು ಇಳಿದು ಹೋದಳು.

ಸೆಕ್ರೆಟರಿಗೆ ಎಲ್ಲ ಗೊತ್ತು. ಕೇಳಿದರೆ, "ಅಪ್ಪ ಮಗಳ ನಡುವೆ ಯಾಕೆ ಜಗಳ ತರೋದು ಟೇಪಣ್ಣ, ಅವಳಿಗೆ ಇನ್ನೊಂದು ಕೆಲಸ ಸಿಗತ್ತೆ, ನಿಮಗೆ ಇನ್ನೊಬ್ಬ ಮಗಳು ಸಿಗ್ತಾಳಾ," ಎಂದ. ನಾನು ಅದಕ್ಕೆ ಒಪ್ಪಿಕೊಂಡು ಎಂಟು ದಿನ ಊಟ ಮಾಡಿದೆ ಎಂಬುದೂ ನಿನಗೆ ತಿಳಿದಿರಲಿ.

ಇವತ್ತು ಬೆಳಿಗ್ಗೆ ಸಮಿತಿಗೆ ಬರೆದು ಕೊಟ್ಟು ಬಂದೆ, ಪ್ರತಿ ಇದರ ಜೊತೆ ಇದೆ. ಅವಳ ಮೇಜಿಗೂ ಹೋದೆ. ಹೇಳಿದೆ. ಅವಳು ಬಹಳ ಹೊತ್ತು ಮುದ್ರೆಯ ಶಾಯಿಡಬ್ಬಿ ಮುಚ್ಚಿ ತೆಗೆದು ಮಾಡುತ್ತಿದ್ದಳು. ಆಮೇಲೆ, "ಮೆಟ್ಟಿಲ ಮೇಲೇ ಹೇಳಿದ್ರೆ ಆಗ್ತಿತ್ತು ಸಾರ್," ಎಂದಳು. ಅಷ್ಟೇ.

ಬೈಯಬೇಕೆಂದಿದ್ದರೆ ಬೈ. ಸುಮ್ಮನಿರಬೇಡ.

ಅಪ್ಪ


ಏಪ್ರಿಲ್ ೨

ಅಪ್ಪ,

ನಿಮ್ಮ ಕಾಗದ ಹದಿನೆಂಟಕ್ಕೇ ಬಂತು. ದೂರು ಹಾಕಲಿಲ್ಲ. ನೋಂದಣಿ ಮೇಜಿನಾಕೆಗೆ ಬೇರೆ ಕಾಗದ ಬರೆದು ಕ್ಷಮೆ ಕೇಳಿದೆ. ಮನಸ್ಸಿನಲ್ಲಿ ಎರಡು ವಾರ ಆಕೆಯನ್ನು ಬೈದಿದ್ದೆ. ಉತ್ತರ ಬಂದಿದೆ, ಕೆಲಸ ಉಳಿದಿದೆಯಂತೆ.

ನಿಮಗೆ ಉತ್ತರಿಸಲು ಹದಿನೈದು ದಿನ ಹಿಡಿಯಿತು. ಹೇಳಬಾರದೆಂದು ಅಮ್ಮನಿಗೆ ಮಾತು ಕೊಟ್ಟದ್ದನ್ನು ಮುರಿಯಬೇಕಿತ್ತು.

ನಾನು ನಿಮ್ಮ ತುಟಿ ಓದಿ ಏನನ್ನೂ ತಿಳಿದುಕೊಂಡಿಲ್ಲ. ಯಾವತ್ತೂ. ನಿಮ್ಮ ಮೀಸೆಯಲ್ಲಿ ತುಟಿ ಇರುವುದು ನನಗೆ ಕಂಡೇ ಇಲ್ಲ. ಜೊತೆಗೆ ನೀವು ಕಿಟಕಿಗೆ ಬೆನ್ನು ಹಾಕಿ ಕೂರುತ್ತಿದ್ದಿರಿ, ಮುಖವೆಲ್ಲ ನೆರಳು. ಅಮ್ಮ ನಿಮ್ಮ ಕುರ್ಚಿಯ ಹಿಂದೆ ನಿಂತಿರುತ್ತಿದ್ದದ್ದು ಬಡಿಸುವುದಕ್ಕಲ್ಲ. ನೀವು ಹೇಳಿದ್ದನ್ನು ಕೈಯಲ್ಲಿ ಹೇಳುತ್ತಿದ್ದಳು. ನಾನು ನೋಡುತ್ತಿದ್ದದ್ದು ನಿಮ್ಮನ್ನಲ್ಲ, ನಿಮ್ಮ ಭುಜದ ಮೇಲಿನಿಂದ ಅವಳನ್ನು. ಆನೆಯ ಕಥೆಗೆ ಮೊದಲೇ ನಗುತ್ತಿದ್ದೆ ಯಾಕೆಂದರೆ ನೀವು ಅದನ್ನು ವಾರಕ್ಕೊಮ್ಮೆ ಹೇಳುತ್ತಿದ್ದಿರಿ, ಅಮ್ಮ ಬೇಸತ್ತು ಕೊನೆಯನ್ನು ಮೊದಲೇ ಹೇಳಿ ಮುಗಿಸುತ್ತಿದ್ದಳು.

ಇನ್ನೂ ಒಂದಿದೆ. ಅವಳು ಎಲ್ಲವನ್ನೂ ನೀವು ಹೇಳಿದಂತೆಯೇ ಹೇಳುತ್ತಿರಲಿಲ್ಲ. ನಾನು ಡಿಪ್ಲೊಮಾಗೆ ಹೊರಟ ದಿನ ನೀವು, "ಈ ಹುಡುಗಿಗೆ ಪಂಪು ಯಾಕೆ, ಒಂದು ಕಡೆ ಕೂತು ಹೊಲಿಗೆ ಕಲೀಲಿ," ಎಂದಿದ್ದಿರಂತೆ. ಅವಳ ಕೈ ಹೇಳಿದ್ದು, "ಹಾಸ್ಟೆಲಿನಲ್ಲಿ ಚಳಿ ಇರುತ್ತದಾ ಅಂತ ಅಪ್ಪ ಕೇಳ್ತಿದಾರೆ." ನಾನು ಇಲ್ಲ ಎಂದು ತಲೆಯಾಡಿಸಿದೆ. ನೀವು ಅದನ್ನು ಎದುರುತ್ತರ ಎಂದುಕೊಂಡು ಎದ್ದುಹೋದಿರಿ. ಆಸ್ಪತ್ರೆಯಲ್ಲಿ ಕೊನೆಯ ವಾರ ಅವಳೇ ಇದನ್ನೆಲ್ಲ ಹೇಳಿ ನಕ್ಕಳು, ಆಮೇಲೆ ಅತ್ತಳು. "ನಿಮ್ಮಿಬ್ಬರ ಮಾತಿಗೂ ನಾನೇ ಉಪ್ಪು ಖಾರ ಹಾಕಿದೀನಿ. ನಾನು ಹೋದ ಮೇಲೆ ಸಪ್ಪೆ ಅನ್ನಿಸಿದ್ರೆ ಅವರನ್ನ ಬೈಬೇಡ," ಎಂದಳು.

ನೀವು ಹೇಳಿದ್ದು ಸುಳ್ಳಲ್ಲ ಎಂದು ನನಗೆ ಗೊತ್ತು. ನಂಬಿಯೇ ಹೇಳಿದ್ದೀರಿ. ಮೂರು ವರ್ಷದ ಹಿಂದೆ ಅಮ್ಮ ಹೋದಾಗಲೇ ನಾನು ಇದನ್ನು ಬರೆದಿದ್ದರೆ ಫೋನಿನಲ್ಲಿ ನೀವು ಹಾಗೆ ಹೇಳುತ್ತಿರಲಿಲ್ಲ. ಅದು ನನ್ನ ಪಾಲು, ತೆಗೆದುಕೊಳ್ಳುತ್ತೇನೆ. ಆದರೆ ಹೆಬ್ಬೆರಳು ನಿಮ್ಮ ಪಾಲು. ಅದನ್ನು ಹಂಚಿಕೊಳ್ಳಲು ನನಗೆ ಬರುವುದಿಲ್ಲ.

ಮೇ ತಿಂಗಳಲ್ಲಿ ಸಮಿತಿಯವರು ನನ್ನನ್ನು ಕರೆದಿದ್ದಾರೆ, ಮುಂದಿನ ಸಮ್ಮೇಳನಕ್ಕೆ ಏನೇನು ಬೇಕು ಎಂದು ಕೇಳಲು. ದುಭಾಷಿ ಇರುತ್ತಾರೆ ಎಂದು ಲಿಖಿತವಾಗಿ ಪಡೆದಿದ್ದೇನೆ. ಬರುತ್ತೇನೆ. ಮನೆಗೆ ಬರುತ್ತೇನೋ ಇಲ್ಲವೋ ಈಗ ಹೇಳಲಾರೆ.

ಗುಬ್ಬಿ


ಏಪ್ರಿಲ್ ೯

ಗುಬ್ಬೀ,

ಹುಟ್ಟಿದಾಗಿನಿಂದ 'ನೀನು' ಅನ್ನುತ್ತಿದ್ದವಳು 'ನೀವು' ಎಂದು ಬರೆದಿದ್ದೀಯ. ಬ್ಯಾಂಕಿನಿಂದ ಬಂದ ಕಾಗದ ಓದಿದ ಹಾಗಾಯಿತು. ಇರಲಿ. ಸಲ್ಲಬೇಕಾದದ್ದೇ.

ಅಮ್ಮ ನನಗೂ ಹಾಗೇ ಮಾಡಿದ್ದಾಳೆ ಎಂದು ಎರಡು ದಿನದ ಮೇಲೆ ಹೊಳೆಯಿತು. ನೀನು ಹಾಸ್ಟೆಲಿನಿಂದ ಬಂದಾಗಲೆಲ್ಲ ಕೈ ಬೀಸಿ ಬೀಸಿ ಅವಳಿಗೆ ಏನೋ ಹೇಳುತ್ತಿದ್ದೆ, ಅವಳು ನನ್ನ ಕಡೆ ತಿರುಗಿ, "ಅಪ್ಪ ಸಣ್ಣಗಾಗಿದಾರೆ ಅಂತಾಳೆ," ಅನ್ನುತ್ತಿದ್ದಳು. ಪ್ರತಿ ಸಲವೂ ಅದೇ. ಅಷ್ಟು ಸಲ ಸಣ್ಣಗಾಗಿದ್ದರೆ ನಾನು ಇಷ್ಟು ಹೊತ್ತಿಗೆ ಕಾಣಿಸುತ್ತಲೇ ಇರಬಾರದಿತ್ತು. ನಿಜವಾಗಿ ಏನು ಹೇಳುತ್ತಿದ್ದೆ ಎಂದು ಈಗ ಕೇಳಲು ಹಕ್ಕಿಲ್ಲ. ನೆನಪಿದ್ದರೆ ಯಾವತ್ತಾದರೂ ಬರೆ.

ಟೇಪು ಹಿಡಿದೆ. ಬೇರೆ ಏನು ಮಾಡಲು ಬರುತ್ತದೆ ನನಗೆ? ಕುರ್ಚಿಯ ಬೆನ್ನಿನಿಂದ ಹಿಂದಿನ ಗೋಡೆಗೆ ಎರಡೂವರೆ ಅಡಿ. ಆ ಸಂದಿಯಲ್ಲಿ ಅವಳು ಇಪ್ಪತ್ತೆರಡು ವರ್ಷ ನಿಂತಳು, ಕಿಟಕಿಯ ಪಕ್ಕ, ಬೆಳಕು ತನ್ನ ಕೈಮೇಲೆ ಬೀಳುವ ಕಡೆಯೇ ನೋಡಿಕೊಂಡು. ಗೋಡೆಯಲ್ಲಿ ಅವಳ ಭುಜ ತಾಗಿದಲ್ಲಿ ಸುಣ್ಣ ನುಣುಪಾಗಿದೆ. ನಾನು ಅದನ್ನು ಕುರ್ಚಿ ತಾಗಿದ್ದು ಎಂದು ಎರಡು ಸಲ ಬಳಿಸಿದ್ದೇನೆ. ಊರಿನವರ ಮಳಿಗೆಗೆಲ್ಲ ಇಂಚಿಂಚು ಜಾಗ ಬರೆದುಕೊಟ್ಟವನು, ನನ್ನ ಮನೆಯ ನಕ್ಷೆಯಲ್ಲಿ ಒಬ್ಬರು ನಿಂತಿದ್ದಾರೆ ಎಂದು ಗುರುತು ಹಾಕಲಿಲ್ಲ.

ಮೊನ್ನೆ ಹಾಲಿಗೂ ಹೋಗಿದ್ದೆ. ನೋಂದಣಿ ಮೇಜಿನಾಕೆ ಬೀಗದ ಕೈ ತಂದು ತೆಗೆದಳು. ನನ್ನ ಜೊತೆ ಮೊದಲಿನ ಹಾಗೆ ನಗುವುದಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ನಾನು ವೇದಿಕೆ ಹತ್ತಿ, "ಪರದೆಗೆ ಬೆಳಕು ಬಿಟ್ಟು ದೀಪ ಆರಿಸಮ್ಮ," ಎಂದೆ. ಆರಿಸಿದಳು. ನೀನು ನಿಂತ ಜಾಗದಲ್ಲಿ ನಿಂತು ಮೂರನೇ ಸಾಲು ಹುಡುಕಿದೆ. ಕಾಣಲಿಲ್ಲ. ಮೊದಲನೇ ಸಾಲೂ ಕಾಣಲಿಲ್ಲ. ಪರದೆಗೆ ಬಿಟ್ಟ ಬೆಳಕು ಕಣ್ಣಿಗೆ ಬಡಿಯುತ್ತದೆ, ಆಚೆಗೆ ಬಾವಿ. ಅವಳು ಎಲ್ಲೋ ನಿಂತು, "ಸಾಕಾ ಸಾರ್?" ಎಂದಳು. ನನಗೆ ಕೇಳಿಸಿತು. ಅಷ್ಟೇ ವ್ಯತ್ಯಾಸ. ಸಾಕಮ್ಮ ಎಂದೆ.

ದುಭಾಷಿ ನಿಲ್ಲುವ ಜಾಗಕ್ಕೆ ಒಂದು ವೃತ್ತ ಹಾಕಿ, ಅದರ ಮೇಲೆ ಒಂದು ದೀಪ ಎಂದು ಬರೆದು ನಕ್ಷೆ ಮಾಡಿದ್ದೇನೆ. ಆದರೆ ಸಮಿತಿಗೆ ಕೊಟ್ಟಿಲ್ಲ. ಇದರ ಜೊತೆ ನಿನಗೇ ಕಳಿಸುತ್ತಿದ್ದೇನೆ. ಸರಿಯಿಲ್ಲದ್ದನ್ನು ಹೊಡೆದುಹಾಕು, ಬೇಡವಾದರೆ ಹರಿ. ಕೊಡುವುದು ಬಿಡುವುದು ನಿನ್ನದು. ಸೆಕ್ರೆಟರಿ ಫೋನು ಮಾಡಿದರೆ, "ಅವಳನ್ನೇ ಕೇಳಿ," ಎಂದು ಹೇಳುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ. ನಿನ್ನೆ ಒಂದು ಸಲ ಹೇಳಿಯೂ ಆಯಿತು. "ಏನು ಟೇಪಣ್ಣ, ಸಿಟ್ಟಾ?" ಎಂದ. ಅವಳನ್ನೇ ಕೇಳಿ ಎಂದೆ ಅದಕ್ಕೂ.

ಅವತ್ತು ನಾನು ಬೇಡವೆಂದ ಆ ದುಭಾಷಿಯನ್ನು ಹುಡುಕಿಕೊಂಡು ಹೋದೆ. ಬಸ್ಸು ನಿಲ್ದಾಣದ ಹಿಂದಿನ ಬೀದಿಯಲ್ಲಿ ಮನೆ, ಕೆಳಗೆ ಬೈಂಡಿಂಗ್ ಅಂಗಡಿ. ನಡೆದದ್ದು ಹೇಳಿದೆ, ಕೈಮಾತು ಕಲಿಸುತ್ತೀಯಾ ಎಂದೂ ಕೇಳಿದೆ. "ಅರವತ್ತೆರಡಕ್ಕೆ ಬೆರಳು ಬಗ್ಗಲ್ವಲ್ಲ ತಾತ," ಎಂದಳು. ಬಗ್ಗಿಸಿ ನೋಡು ಎಂದೆ. ಮಂಗಳವಾರ ಮತ್ತು ಶುಕ್ರವಾರ ಹೋಗುತ್ತಿದ್ದೇನೆ. ಮೊದಲು ಏನು ಕಲೀಬೇಕು ಎಂದು ಕೇಳಿದಳು. 'ಇನ್ನೊಮ್ಮೆ ಹೇಳು' ಅನ್ನುವುದನ್ನು ಕಲಿಸಿಕೊಡು ಎಂದೆ, ನನಗೆ ಅದೇ ಹೆಚ್ಚು ಬೇಕಾಗುವುದು. ಅದೊಂದು ಬಂದಿದೆ. ಎರಡನೆಯದು ಅರ್ಧ ಬಂದಿದೆ; ಅದು ಯಾವುದೆಂದು ಕಾಗದದಲ್ಲಿ ಬರೆಯುವುದಿಲ್ಲ.

ಮೀಸೆ ತೆಗೆಸಿದೆ. ಕ್ಷೌರದವನು ಎರಡು ಸಲ ಕೇಳಿದ, "ಯಜಮಾನ್ರೇ, ಯೋಚನೆ ಮಾಡಿದೀರಾ, ಅಂಟಿಸೋಕೆ ಬರಲ್ಲ." ಈಗ ಕನ್ನಡಿಯಲ್ಲಿ ನನ್ನ ಅಣ್ಣ ಕಾಣುತ್ತಾನೆ, ಅದೂ ಅವನು ಹಲ್ಲು ಕೀಳಿಸಿಕೊಂಡು ಬಂದ ದಿನದವನು. ಮೇಲ್ದುಟಿ ಇಷ್ಟು ಸಣ್ಣದಿದೆ ಎಂದು ನನಗೆ ಗೊತ್ತಿರಲಿಲ್ಲ.

ಶೆಡ್ಡಿನ ಇಬ್ಬರ ವಿಷಯ ನೀನು ಮತ್ತೆ ಬರೆದಿಲ್ಲ. ಅವರು ಹೋದರೇ, ಉಳಿದರೇ? ನನ್ನ ನೆಮ್ಮದಿಗೆ ಕೇಳುತ್ತಿಲ್ಲ. ಹೋಗಿದ್ದರೂ ಹೋದರು ಎಂದೇ ಬರೆ. ಅದಕ್ಕೆ ಉಪ್ಪು ಖಾರ ಸರಿಮಾಡುವವರು ಈಗ ಯಾರೂ ಇಲ್ಲ, ಇದ್ದ ಹಾಗೇ ಬರಲಿ.

ಮನೆಗೆ ಬಾ ಎಂದು ಬರೆಯಬೇಕೆಂದು ಮೂರು ಸಲ ಪೆನ್ನು ಎತ್ತಿದೆ. ಬರೆಯುವುದಿಲ್ಲ. ಮೇಜನ್ನು ತಿರುಗಿಸಿದ್ದೇನೆ ಎಂದಷ್ಟೇ ಹೇಳುತ್ತೇನೆ. ಈಗ ನನ್ನ ಕುರ್ಚಿ ಕಿಟಕಿಗೆ ಎದುರಾಗಿದೆ, ಹಿಂದೆ ಯಾರೂ ನಿಲ್ಲುವ ಜಾಗವಿಲ್ಲ, ಬರೀ ಗೋಡೆ. ಬೆಳಗಿನ ಹತ್ತರಿಂದ ಸಂಜೆ ಆರರವರೆಗೆ ಬೆಳಕು ನೇರ ಮುಖದ ಮೇಲೆ ಬೀಳುತ್ತದೆ, ಕಣ್ಣು ಕುಕ್ಕುತ್ತದೆ, ಅಭ್ಯಾಸವಾಗಬೇಕು. ಎದುರಿನ ಕುರ್ಚಿಗೆ ಬೆಳಕು ಬೆನ್ನ ಹಿಂದಿನಿಂದ ಬರುತ್ತದೆ. ಅಲ್ಲಿ ಕೂತವರಿಗೆ ನಾನು ಚೆನ್ನಾಗಿ ಕಾಣಬೇಕು. ಅಳತೆ ಸರಿ ಇದೆಯೋ ಇಲ್ಲವೋ ನನಗೆ ಈ ಕಡೆಯಿಂದ ಹೇಳಲಾಗದು.

ಇನ್ನೊಂದು ವಿಷಯ ಕೇಳಬೇಕೆಂದಿದ್ದೆ, ಆ ಆನೆಯ ಕಥೆಯ ಕೊನೆ ಅಮ್ಮ ಕೈಯಲ್ಲಿ ಹೇಗೆ ಹೇಳುತ್ತಿದ್ದಳು ಎಂದು. ಆದರೆ ಬರೆದ ಸಾಲುಗಳು ಒಂದರೊಳಗೊಂದು ಸೇರುತ್ತಿವೆ. ತಲೆ ಎತ್ತಿ ನೋಡಿದರೆ ಕಿಟಕಿ ಬೂದಿಬಣ್ಣವಾಗಿದೆ. ದೀಪ ಹಾಕಲು ಏಳಬೇಕು, ಎದ್ದರೆ ಮಾತು ಮರೆಯುತ್ತದೆ. ಕಾಣದೆ ಬರೆದದ್ದನ್ನು ನಿನಗೆ ಕಳಿಸುವುದಿಲ್ಲ ಗುಬ್ಬೀ, ಬೆಳಕು ಹೋಗುತ್ತಿದೆ